ಅಡ್ಡಮಳೆಗೆ ಎಚೆವೇರಿಯಾ ಕೊಳೆಯುವುದೇಕೆ?

ಪ್ರಶ್ನೆ: ಹೋದ ನವೆಂಬರಿನಲ್ಲಿ ಆನ್‌ಲೈನ್ ಮೂಲಕ ಆರು ಎಚೆವೇರಿಯಾ (ದಪ್ಪ ಎಲೆಗಳು ಗುಲಾಬಿಯಂತೆ ಗೊಂಚಲಾಗಿರುವ ರಸವತ್ತು ಗಿಡ) ತರಿಸಿದೆ. ಎರೆಮಣ್ಣು, ಉಸುಕು, ಸಗಣಿ ಗೊಬ್ಬರ ಸಮಸಮ ಬೆರೆಸಿ, ತಳಕ್ಕೆ ಖಡಿ ಹಾಕಿ, ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಮಾಳಿಗೆ ಮೇಲೆ ಇಟ್ಟಿದ್ದೆ. ಯುಗಾದಿವರೆಗೆ ಚಂದ ಇದ್ದವು. ಮೇ ತಿಂಗಳ ಅಡ್ಡಮಳೆಗೆ ಎರಡು ಒಮ್ಮೆಲೇ ಕೊಳೆತು ಹೋದವು. ಉಳಿದ ನಾಲ್ಕನ್ನು ಪಡಸಾಲೆಗೆ ತಂದಿಟ್ಟೆ. ಮೂರು ಉದ್ದಕ್ಕೆ ಬೆಳೆದು ಎಲೆ ಕೆಳಗೆ ಬಾಗಿವೆ. ಇನ್ನೊಂದರ ಬುಡದ ಎಲೆ ಗಾಜಿನಂತಾಗಿ, ಮುಟ್ಟಿದರೆ ಉದುರುತ್ತಿವೆ. ನೀರು ವಾರಕ್ಕೊಮ್ಮೆ ಮಾತ್ರ. ಗದಗಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಇವೇ ಗಿಡ ಮಾಳಿಗೆ ಮೇಲೆ ಆರಾಮಾಗಿವೆ. ನಮ್ಮಲ್ಲಿ ತಪ್ಪಿದ್ದೆಲ್ಲಿ? (ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅವಸರದ ಕೆಲಸ ಮೊದಲು. ಎಲೆ ಗಾಜಿನಂತಾದ ಆ ಗಿಡಕ್ಕೆ ನೀರು ನಿಲ್ಲಿಸಿ ಕಾಯುತ್ತ ಕೂತರೆ ಏನೂ ಆಗದು. ಇವತ್ತೇ ಕುಂಡದಿಂದ ಕಿತ್ತು ಮಣ್ಣು ಉದುರಿಸಿ. ಹೊಸ ಬ್ಲೇಡನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿಕೊಂಡು, ಎಲೆಗೊಂಚಲಿನ ಕೆಳಗೆ ದಂಟನ್ನು ಅಡ್ಡ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ನೆಟ್ಟಗಿರುವ ದಂಟು ಅಂಚಿನಿಂದ ಅಂಚಿಗೆ ಒಂದೇ ತಿಳಿಹಸಿರು ಬಣ್ಣದ್ದಿರುತ್ತದೆ. ನಡುವೆ ಕಂದು ಉಂಗುರವೋ ಚುಕ್ಕೆಗಳೋ ಕಂಡರೆ ಕೊಳೆ ನೀರಿನ ನಾಳಗಳಲ್ಲಿ ಮೇಲೆ ಹತ್ತಿದೆ. ಬ್ಲೇಡನ್ನು ಮತ್ತೆ ಒರೆಸಿ, ಮೂರು ನಾಲ್ಕು ಮಿ.ಮೀ. ಮೇಲೆ ಇನ್ನೊಮ್ಮೆ ಕೊಯ್ಯಿರಿ. ಪ್ರತಿ ಕೊಯ್ತಕ್ಕೂ ಒರೆಸಲೇಬೇಕು, ಇಲ್ಲವಾದರೆ ಕೊಳೆಯನ್ನು ನೀವೇ ಮೇಲಕ್ಕೆ ಒಯ್ದಂತಾಗುತ್ತದೆ. ಒಂದು ಚುಕ್ಕೆಯೂ ಉಳಿಯಬಾರದು. ಉಳಿದರೆ ವಾರದೊಳಗೆ ಮತ್ತೆ ಇದೇ ಪಾಡು.

ದಂಟು ಸ್ವಚ್ಛವಾದ ಮೇಲೆ ಕೆಳಗಿನ ಎಲೆಗಳನ್ನು ಬಿಡಿಸಿ, ಒಂದು ಇಂಚಿನಷ್ಟು ಬರಿ ದಂಟು ಉಳಿಸಿ. ಆ ತಲೆಯನ್ನು ಖಾಲಿ ಲೋಟದ ಬಾಯಿಯ ಮೇಲೆ, ದಂಟು ಒಳಗೆ ತೂಗುವ ಹಾಗೆ ಕೂಡಿಸಿ, ಗಾಳಿಯಾಡುವ ನೆರಳಿನಲ್ಲಿ ಇಡಿ. ಚಳಿಗಾಲವಾಗಿದ್ದರೆ ನಾಲ್ಕೈದು ದಿನ ಸಾಕಿತ್ತು. ಈಗಿನ ಆರ್ದ್ರ ಹವೆಗೆ ಎಂಟರಿಂದ ಹತ್ತು ದಿನ ಬೇಕು, ದೂರದಿಂದ ಫ್ಯಾನ್ ಗಾಳಿ ತಾಗಿದರೆ ಇನ್ನೂ ಒಳ್ಳೆಯದು. ಕೊಯ್ದ ಜಾಗ ಬೆರಳಿಗೆ ಗಟ್ಟಿಯಾಗಿ, ಒಣಗಿ ಹತ್ತಬೇಕು. ಆಮೇಲೆ ಒಣ ಮಿಶ್ರಣದ ಮೇಲೆ ಇಟ್ಟುಬಿಡಿ. ಬೇರು ಬರಲು ಎರಡು ಮೂರು ವಾರ. ಬೇರು ಕಾಣುವ ಮುಂಚೆ ನೀರು ಕೊಡಬೇಡಿ, ಹೀರುವ ಬಾಯಿಯೇ ಇಲ್ಲದ ಗಿಡಕ್ಕೆ ನೀರು ಬುಡ ಕೊಳೆಸುವುದಕ್ಕಷ್ಟೇ ಉಪಯೋಗ.

ಕಂದು ಬಣ್ಣ ನಡುಸುಳಿವರೆಗೆ ಹೋಗಿದ್ದರೆ ತಲೆ ಉಳಿಯದು. ಆಗ ಮೇಲಿನ ಸಾಲಿನ ಗಟ್ಟಿ ಎಲೆಗಳನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಿ, ಬುಡಸಮೇತ ಬಿಡಿಸಿ ಒಣ ಮಿಶ್ರಣದ ಮೇಲೆ ಹರವಿ. ಎಲೆ ದಂಟಿಗೆ ಅಂಟಿದ್ದ ಆ ತುದಿಯಲ್ಲೇ ಮೊಳಕೆ ಇರುವುದು, ಅದು ಹರಿದರೆ ಆ ಎಲೆಯಿಂದ ಮರಿ ಬರುವುದಿಲ್ಲ.

ಅಂಗಡಿಯವರು ಇಂಥ ಹೊತ್ತಿನಲ್ಲಿ ಕಾರ್ಬೆಂಡಾಜಿಮ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿ ಕೊಡುತ್ತಾರೆ. ‘ಸಾಫ್’ ಎಂದರೆ ಎಲ್ಲ ಕಡೆ ಸಿಗುತ್ತದೆ. ಲೀಟರಿಗೆ 2 ಗ್ರಾಂ ಕಲಸಿ, ಕೊಯ್ದ ದಂಟನ್ನು ಅದ್ದಿ ಒಣಗಿಸಿದರೆ ತಪ್ಪೇನಿಲ್ಲ. ಆದರೆ ಅದು ಶಿಲೀಂಧ್ರದ ಔಷಧ. ಬೇಸಿಗೆಯಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ಗಿಡವನ್ನು ನೀರಾಗಿಸಿ, ವಾಸನೆ ಬರಿಸುವ ಕೊಳೆ ಬಹಳ ಸಲ ಬ್ಯಾಕ್ಟೀರಿಯಾದ್ದು, ಅದಕ್ಕೆ ಈ ಪುಡಿ ನಾಟುವುದಿಲ್ಲ. ಒದ್ದೆ ಮಣ್ಣನ್ನು ಹಾಗೇ ಇಟ್ಟುಕೊಂಡು ಔಷಧ ಸುರಿಯುವುದಂತೂ ಇನ್ನಷ್ಟು ನೀರು ಸುರಿದಂತೆಯೇ.

ಈಗ ಕಾರಣಕ್ಕೆ ಬರೋಣ. ಎಚೆವೇರಿಯಾದ ಹೆಚ್ಚಿನ ಜಾತಿಗಳ ತವರು ಮೆಕ್ಸಿಕೋದ ಗುಡ್ಡಗಾಡು. ಮರುಭೂಮಿ ಗಿಡ ಎಂದು ಹೇಳಿ ಮಾರುತ್ತಾರಲ್ಲ, ಅಲ್ಲೇ ತಿಳಿವಳಿಕೆ ದಾರಿ ತಪ್ಪುವುದು. ಆ ಗುಡ್ಡಗಳಲ್ಲೂ ಮಳೆ ನಮ್ಮ ಹಾಗೆ ಜೂನಿನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಬೀಳುತ್ತದೆ, ಚಳಿಗಾಲ ಒಣ. ವ್ಯತ್ಯಾಸ ಎರಡೇ. ಅಲ್ಲಿ ಗಿಡ ಬೆಳೆಯುವುದು ಕಡಿದಾದ ಬಂಡೆಯ ಸಂದಿನಲ್ಲಿ, ಹಿಡಿಯಷ್ಟು ಹರಳು ಮಣ್ಣಿನಲ್ಲಿ. ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತದೆ. ಎರಡನೆಯದು, ಎತ್ತರದ ಜಾಗವಾದ್ದರಿಂದ ರಾತ್ರಿ ತಂಪು. ಈ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ರಾತ್ರಿಯ ತಂಪು ಅವಕ್ಕೆ ದುಡಿಮೆಯ ಹೊತ್ತು. ನಮ್ಮ ಏಪ್ರಿಲ್, ಮೇ ರಾತ್ರಿಯ ಸೆಖೆಯಲ್ಲಿ ಗಳಿಕೆ ಕಡಿಮೆ, ಉಸಿರಾಟದ ಖರ್ಚು ಹೆಚ್ಚು. ಬೇರು ಕೆಲಸ ನಿಲ್ಲಿಸಿ ಸುಮ್ಮನಿರುತ್ತದೆ. ಹಾಗೆ ಸುಮ್ಮನಿರುವ ಬೇರಿಗೆ, ಇಡೀ ದಿನ ಬಿಸಿಲುಂಡ ಕಪ್ಪು ಪ್ಲಾಸ್ಟಿಕ್ಕಿನೊಳಗೆ, ಸಂಜೆ ನಾಲ್ಕಕ್ಕೆ ಗುಡುಗು ಸಹಿತ ಅಡ್ಡಮಳೆ ಸುರಿಯಿತು. ಮರುದಿನ ಮತ್ತೆ 36 ಡಿಗ್ರಿ ಬಿಸಿಲು. ಒದ್ದೆ ಎರೆಮಣ್ಣು ಕುಂಡದಲ್ಲೇ ಕುದಿಯಿತು. ನಿಮ್ಮ ಎರಡು ಗಿಡ ಹೋದದ್ದು ಹೀಗೆ. ಬರೀ ಬಿಸಿಲಿಗೆ ಅವು ಸುಕ್ಕುಗಟ್ಟುತ್ತಿದ್ದವೇ ಹೊರತು ಸಾಯುತ್ತಿರಲಿಲ್ಲ.

ಪಡಸಾಲೆಯಲ್ಲಿ ಆದದ್ದು ಬೇರೆ ಕತೆ. ಮಳೆಗಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಹವೆ ತಂಪು, ಗಿಡಕ್ಕೆ ಬೆಳೆಯುವ ಹುಮ್ಮಸ್ಸೂ ಬರುತ್ತದೆ. ಮೋಡದಿಂದಾಗಿ ಬೆಳಕು ಮಾತ್ರ ಇಲ್ಲ. ಅದರ ಮೇಲೆ ನೀವು ಒಳಗೆ ತಂದಿರಿ. ನೀರುಂಟು, ತಂಪುಂಟು, ಬೆಳಕಿಲ್ಲ ಎಂದರೆ ಎಚೆವೇರಿಯಾ ದಂಟು ಎಳೆದು, ಎಲೆ ಕೆಳಗೆ ಬಾಗಿಸಿ, ಬೆಳಕು ಹುಡುಕುತ್ತದೆ. ಪಡಸಾಲೆಯಲ್ಲಿ ವಾರಕ್ಕೊಮ್ಮೆ ನೀರು ಎಂಬುದು ಕಡಿಮೆಯಲ್ಲ, ಬಹಳ ಹೆಚ್ಚು.

ತಂಗಿಯ ಮನೆಯಲ್ಲಿ ಗಿಡ ಏಕೆ ನೆಟ್ಟಗಿವೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಧಾರವಾಡ ಜಿಲ್ಲೆಯಲ್ಲಿ ವರ್ಷದ ಮಳೆ 700 ಮಿ.ಮೀ. ದಾಟುತ್ತದೆ, ಮಲೆನಾಡಿನ ಸೆರಗಾದ್ದರಿಂದ ಜುಲೈ ಆಗಸ್ಟಿನಲ್ಲಿ ಜಿಟಿಜಿಟಿ ಹಿಡಿದರೆ ಬಿಡುವುದೇ ಇಲ್ಲ. ಗದಗಿನಲ್ಲಿ ಮಳೆ 600 ಮಿ.ಮೀ. ಆಸುಪಾಸು, ಮಳೆಗಾಲವೆಂದರೆ ಅಲ್ಲಿ ಹೆಚ್ಚಾಗಿ ಗಾಳಿಗಾಲ. ಗಾಳಿ ಯಂತ್ರಗಳನ್ನು ಅಲ್ಲಿನ ಗುಡ್ಡಗಳ ಮೇಲೆ ಸುಮ್ಮನೆ ನಿಲ್ಲಿಸಿಲ್ಲ. ಕುಂಡ ಒಂದೂವರೆ ದಿನದಲ್ಲಿ ಒಣಗಿಬಿಡುತ್ತದೆ. ಹಾಗೆಂದು ತಂಗಿಯವರು ಆರಾಮಾಗಿರಲು ಬರುವುದಿಲ್ಲ: ಅವರ ಕಷ್ಟ ಏಪ್ರಿಲ್ ಬಿಸಿಲಿನದು ಮತ್ತು ಬೋರಿನ ಸವಳು ನೀರಿನದು. ಹಾವೇರಿ ಜಿಲ್ಲೆಯಲ್ಲೂ ಇಂಥದೇ ಎರಡು ಪಾಲು, ಹಾನಗಲ್ ಕಡೆಯವರು ಧಾರವಾಡದ ಲೆಕ್ಕ ಹಿಡಿಯಬೇಕು, ರಾಣೆಬೆನ್ನೂರಿನವರು ಗದಗಿನದು.

ಒಟ್ಟಿನಲ್ಲಿ ನಮ್ಮ ಸೀಮೆಯಲ್ಲಿ ಈ ಗಿಡಗಳ ವರ್ಷ ಶುರುವಾಗುವುದು ಹಿಂಗಾರಿನ ಜೊತೆ. ಅಕ್ಟೋಬರ್ ನಡುವಿನಿಂದ ಫೆಬ್ರವರಿ ಮುಗಿಯುವವರೆಗೆ ಬೆಳೆಸುವ ಕಾಲ: ಕುಂಡ ಬದಲಿಸುವುದು, ತಲೆ ಕೊಯ್ಯುವುದು, ಎಲೆಯಿಂದ ಮರಿ ಮಾಡುವುದು, ಗೊಬ್ಬರ ಕೊಡುವುದು ಎಲ್ಲ ಆಗಲೇ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಉಳಿಸಿಕೊಳ್ಳುವ ಕಾಲ. ಯುಗಾದಿಗೆ ಕುಂಡ ಬದಲಿಸಲು ಹೊರಡುವವರು, ಮೃಗಶಿರಾ ಮಳೆ ಬಿತ್ತೆಂದು ಎಲ್ಲ ಸಸಿಗಳ ಜೊತೆ ಇವನ್ನೂ ನೆಡುವವರು ಗಿಡ ಕಳೆದುಕೊಳ್ಳುತ್ತಾರೆ.

ಮಣ್ಣಿನ ಮಾತು ಸ್ವಲ್ಪ ವಿವರವಾಗಿಯೇ ಬೇಕು, ಏಕೆಂದರೆ ಉಳಿದೆಲ್ಲ ತಪ್ಪನ್ನು ಒಳ್ಳೆಯ ಮಿಶ್ರಣ ಅರ್ಧ ಕ್ಷಮಿಸುತ್ತದೆ. ಎರೆಮಣ್ಣು ಹತ್ತಿ, ಜೋಳ, ಕಡಲೆಗೆ ಬಂಗಾರ. ಕುಂಡದ ರಸವತ್ತು ಗಿಡಗಳಿಗೆ ಅದರ ಒಂದು ಹಿಡಿಯೂ ಬೇಡ. ಒದ್ದೆಯಾದಾಗ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದಾಗ ಬಿರಿದು ಸಣ್ಣ ಬೇರುಗಳನ್ನು ಹರಿಯುತ್ತದೆ. ಮಸಾರಿ ಮಣ್ಣು ಎರೆಗಿಂತ ವಾಸಿ, ಆದರೂ ಅದರ ಧೂಳು ಕೆಳಗೆ ಇಳಿದು ಕೂಡುತ್ತದೆ. ಸಗಣಿ ಗೊಬ್ಬರ ತೇವ ಹಿಡಿಯುವುದಲ್ಲದೆ, ಪೂರ್ತಿ ಕಳಿಯದಿದ್ದರೆ ಗೊಣ್ಣೆ ಹುಳುವನ್ನೂ ಜೊತೆಗೆ ತರುತ್ತದೆ. ಹುಳು ಬೇರು ತಿಂದದ್ದು ಗೊತ್ತಾಗುವುದು ಗಿಡ ಕೈಗೆ ಕಿತ್ತು ಬಂದಾಗಲೇ.

ಹತ್ತು ಡಬ್ಬಿ ಲೆಕ್ಕದಲ್ಲಿ ಹೀಗೆ ಬೆರೆಸಿ: ಹಳೆಯ ಇಟ್ಟಂಗಿ ಚೂರು ಅಥವಾ ಸಣ್ಣ ಖಡಿ ಐದು ಡಬ್ಬಿ, ದಪ್ಪ ಉಸುಕು ಎರಡು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು, ಎರೆಹುಳು ಗೊಬ್ಬರ ಒಂದು. ಪರ್ಲೈಟ್ ಅಥವಾ ಪ್ಯೂಮಿಸ್ ಎಂಬ ಹಗುರ ಕಲ್ಲಿನ ಹರಳು ಕೈಗೆಟುಕಿದರೆ ಖಡಿಯ ಎರಡು ಡಬ್ಬಿಗೆ ಬದಲಾಗಿ ಹಾಕಿ, ಕುಂಡ ಹಗುರಾಗುತ್ತದೆ. ಇಟ್ಟಂಗಿ ಚೂರಿನ ಗಾತ್ರವೇ ಮುಖ್ಯ. 6 ಮಿ.ಮೀ. ಜರಡಿಯಲ್ಲಿ ಇಳಿದು, 2 ಮಿ.ಮೀ. ಜರಡಿಯಲ್ಲಿ ನಿಲ್ಲುವ ಚೂರು ಮಾತ್ರ ಬೇಕು; ಕೆಳಗೆ ಬಿದ್ದ ಕೆಂಪು ಪುಡಿಯನ್ನು ಹೂವಿನ ಮಡಿಗೆ ಚೆಲ್ಲಿ. ಉಳಿದದ್ದನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮನೆ ಕಟ್ಟುವಲ್ಲಿಂದ ತಂದ ಚೂರಿಗೆ ಸಿಮೆಂಟ್ ಅಂಟಿದ್ದರೆ ಬಿಡಿ, ಅದರ ಸುಣ್ಣದಂಶ ಬೇರಿಗಾಗದು. ಉಸುಕು ಹಾಕುವವರು ಗಿಲಾವಿಗೆ ಚಾಳಿಸಿದ ನುಣ್ಣನೆಯದನ್ನು ಹಾಕುತ್ತಾರೆ. ಅದು ಸಂದುಗಳನ್ನು ತುಂಬಿ ಮಣ್ಣಿಗಿಂತ ಕೆಟ್ಟದಾಗಿ ಬಿಗಿಯುತ್ತದೆ. ಜರಡಿಯ ಮೇಲೆ ಉಳಿದ ದಪ್ಪ ಕಾಳು ನಮಗೆ ಬೇಕಾದದ್ದು. ಪರೀಕ್ಷೆ ಸುಲಭ: ನಾಲ್ಕು ಇಂಚಿನ ಕುಂಡಕ್ಕೆ ತುಂಬಿ ಒಂದು ಲೋಟ ನೀರು ಸುರಿಯಿರಿ. ಮೇಲೆ ಕೆರೆಯಂತೆ ನಿಲ್ಲದೆ ಕೆಲವೇ ಸೆಕೆಂಡಿನಲ್ಲಿ ತಳದಿಂದ ಬರಬೇಕು.

ತಳಕ್ಕೆ ಖಡಿ ಹಾಸುವ ಪದ್ಧತಿ ಎಲ್ಲರಲ್ಲೂ ಇದೆ. ಅದರಿಂದ ನೀರು ಬೇಗ ಇಳಿಯುವುದಿಲ್ಲ. ನುಣ್ಣನೆಯ ಮಣ್ಣು ಪೂರ್ತಿ ತೊಯ್ದು ತುಂಬುವ ತನಕ ನೀರು ಕೆಳಗಿನ ದಪ್ಪ ಪದರಕ್ಕೆ ಇಳಿಯದೆ ಅಲ್ಲೇ ತೂಗಿ ನಿಲ್ಲುತ್ತದೆ. ಆ ತೊಯ್ದ ಪಟ್ಟಿ ಖಡಿ ಹಾಸಿದಷ್ಟೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ಒಂದು ತುಂಡಿಟ್ಟು, ಮೇಲಿನವರೆಗೂ ಒಂದೇ ಮಿಶ್ರಣ ತುಂಬಿ. ಖಡಿ ಹಾಕುವ ಆಸೆ ಇದ್ದರೆ ಮೇಲೆ ಹಾಸಿ: ಬುಡದ ಎಲೆ ಒದ್ದೆ ಮಣ್ಣಿಗೆ ತಾಗುವುದಿಲ್ಲ, ಮಣ್ಣು ಸಿಡಿಯುವುದಿಲ್ಲ.

ಕುಂಡ ಬಣ್ಣ ಬಳಿಯದ ಮಣ್ಣಿನದಿರಲಿ, ಎಲೆಗೊಂಚಲಿನ ಅಗಲಕ್ಕಿಂತ ಒಂದು ಇಂಚು ಮಾತ್ರ ದೊಡ್ಡದು. ಮುಂದೆ ಬೆಳೆದೀತೆಂದು ಎಂಟು ಇಂಚಿನದರಲ್ಲಿ ನೆಟ್ಟರೆ ಬೇರು ಮುಟ್ಟದ ಮಣ್ಣೆಲ್ಲ ತೇವದ ಗೋದಾಮಾಗುತ್ತದೆ.

ಇನ್ನು ಜಾಗ. ನಮ್ಮಲ್ಲಿ ಜೂನಿನಿಂದ ಮಳೆಯೂ ಗಾಳಿಯೂ ಪಡುವಣದಿಂದ ಓರೆಯಾಗಿ ಹೊಡೆಯುತ್ತವೆ. ಆದ್ದರಿಂದ ಮೂಡಣದ ಗ್ಯಾಲರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ: ಬೆಳಗಿನ ನಾಲ್ಕೈದು ತಾಸು ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಉರಿ ಇಲ್ಲ, ಮಳೆಗೆ ಮನೆಯೇ ಅಡ್ಡ ನಿಲ್ಲುತ್ತದೆ. ಮಾಳಿಗೆಯೇ ಗತಿ ಎಂದರೆ ಎರಡು ಅಡಿ ಎತ್ತರದ ಸ್ಟ್ಯಾಂಡ್ ಬೇಕು. ಸ್ಲ್ಯಾಬಿನ ಮೇಲೆ ನೇರ ಇಟ್ಟ ಕುಂಡದಲ್ಲಿ ಬೇರು ಬೇಯುತ್ತದೆ. ಮಾರ್ಚಿನಿಂದ ಮೇವರೆಗೆ 50 ಪರ್ಸೆಂಟಿನ ನೆರಳು ಬಲೆ. ಅಡ್ಡಮಳೆ ಶುರುವಾಗುವ ಮುಂಚೆ, ಅಂದರೆ ಏಪ್ರಿಲಿನಲ್ಲೇ, ಮೇಲೆ ಪಾರದರ್ಶಕ ಪಾಲಿಕಾರ್ಬೊನೇಟ್ ಹೊದಿಕೆ. ಹಸಿರು ಫೈಬರ್ ಹಾಳೆ ಬೇಡ, ಮೊದಲೇ ಕಡಿಮೆಯಾದ ಮಳೆಗಾಲದ ಬೆಳಕನ್ನು ಅದು ಇನ್ನೂ ನುಂಗುತ್ತದೆ. ಹಾಳೆಗೂ ಗಿಡಕ್ಕೂ ಎರಡೂವರೆ ಅಡಿ ಅಂತರವಿರಲಿ, ನಾಲ್ಕೂ ಬದಿ ತೆರೆದಿರಲಿ. ನಾಲ್ಕು ಕಡೆ ಪ್ಲಾಸ್ಟಿಕ್ ಸುತ್ತಿದವರ ಗಿಡಗಳು ಮಳೆ ತಾಗದೆಯೂ ಹಬೆಗೆ ಕೊಳೆಯುತ್ತವೆ. ಗದಗಿನವರು ಹಾಳೆಯನ್ನು ತಂತಿಯಿಂದ ಬಿಗಿಯದಿದ್ದರೆ ಆಷಾಢದ ಗಾಳಿಗೆ ಅದು ಪಕ್ಕದ ಓಣಿಯಲ್ಲಿ ಸಿಗುತ್ತದೆ. ಧಾರವಾಡದವರಿಗೆ ಮಂಗಗಳ ಕಾಟ ಬೇರೆ. ತಿನ್ನುವುದಿಲ್ಲ, ತಲೆ ಚಿವುಟಿ ಎಸೆದು ಹೋಗುತ್ತವೆ. ಜಾಳಿಗೆ ಬಿಟ್ಟು ಬೇರೆ ಉಪಾಯವಿಲ್ಲ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ, ತೂಕದ ಲೆಕ್ಕ ಇಡಿ. ಅಡುಗೆಮನೆಯ ತಕ್ಕಡಿಯಲ್ಲಿ ಒಣಗಿದ ಕುಂಡವನ್ನೊಮ್ಮೆ, ನೀರುಂಡು ಬಸಿದ ಕುಂಡವನ್ನೊಮ್ಮೆ ತೂಗಿ, ಎರಡೂ ಅಂಕಿಯನ್ನು ಕುಂಡದ ಮೇಲೆ ಬರೆದಿಡಿ. ಉದಾಹರಣೆಗೆ ಒಣ ತೂಕ 620 ಗ್ರಾಂ, ತೊಯ್ದ ತೂಕ 740 ಎಂದಿಟ್ಟುಕೊಳ್ಳಿ. ತೂಕ 630ಕ್ಕೆ ಇಳಿಯುವವರೆಗೆ ನೀರಿನ ಕಡೆ ಹೋಗಬೇಡಿ. ಇಳಿದ ಮೇಲೂ ಬುಡದ ಎಲೆ ಹಿಚುಕಿ ನೋಡಿ. ಗಟ್ಟಿ ಇದ್ದರೆ ಇನ್ನೆರಡು ದಿನ, ಮೆತ್ತಗಾಗಿ ಸಣ್ಣ ಸುಕ್ಕು ಬಿದ್ದಿದ್ದರೆ ಆಗ ನೀರು. ಕೆಲವು ವಾರಗಳಲ್ಲಿ ಕೈಯೇ ತಕ್ಕಡಿಯಾಗುತ್ತದೆ. ಚಳಿಗಾಲದಲ್ಲಿ ಇದು ಸುಮಾರು ಎಂಟು ಹತ್ತು ದಿನಕ್ಕೊಮ್ಮೆ ಬರುತ್ತದೆ, ಆಗ ಬೆಳಿಗ್ಗೆ, ತಳದಿಂದ ಹರಿಯುವಷ್ಟು ಕೊಡಿ. ಏಪ್ರಿಲ್, ಮೇನಲ್ಲಿ ಹೊತ್ತು ಮುಳುಗಿ ಕುಂಡ ತಣ್ಣಗಾದ ಮೇಲೆ, ನಾಲ್ಕು ಇಂಚಿನ ಕುಂಡಕ್ಕೆ 40-50 ಮಿ.ಲೀ., ಎರಡು ವಾರಕ್ಕೊಮ್ಮೆ ಸಾಕು. ಜುಲೈ ಆಗಸ್ಟಿನಲ್ಲಿ ಮೂರು ವಾರ ನೀರಿಲ್ಲದೆ ಹೋದರೂ ಚಿಂತೆಯಿಲ್ಲ. ನೀರು ಕೊಟ್ಟು ಮೂರು ದಿನವಾದರೂ ಸುಕ್ಕು ಬಿಡದಿದ್ದರೆ ಬಾಯಾರಿಕೆಯಲ್ಲ, ಬೇರು ಸತ್ತಿದೆ. ಆಗ ಮೇಲೆ ಹೇಳಿದ ಹಾಗೆ ಕಿತ್ತು ಕೊಯ್ಯುವುದೇ. ಬುಡದ ಒಂದೆರಡು ಎಲೆ ಕಾಗದದಂತೆ ಒಣಗಿದರೆ ಅದು ಸಹಜ ವಯಸ್ಸು. ಬಿಡಿಸಿ ತೆಗೆಯಿರಿ, ಅದರ ಸಂದು ಹುಳುವಿನ ಮನೆ.

ನೀರು ಯಾವುದು ಎಂಬುದೂ ಎಣಿಕೆಗೆ ಬರುತ್ತದೆ. ಮಲಪ್ರಭೆಯ ನಳದ ನೀರು ನಡೆಯುತ್ತದೆ. ಬೋರಿನ ಗಡಸು ನೀರು ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆತುದಿ ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಚಳಿಗಾಲಕ್ಕೆ ಆಗುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಹಾಕಬೇಡಿ, ಉಪ್ಪೆಲ್ಲ ಸೇರಿರುವುದು ಅದರಲ್ಲೇ. ಸುಳಿಯಲ್ಲಿ ನೀರು ನಿಂತರೆ ಊದಿ ಹಾರಿಸಿ. ಬಟ್ಟೆಯಲ್ಲಿ ಒರೆಸಿದರೆ ಎಲೆಯ ಮೇಲಿನ ಬೂದಿಯಂಥ ಮೇಣದ ಪುಡಿ ಹೋಗುತ್ತದೆ. ಬಿಸಿಲಿಗೂ ನೀರಿಗೂ ಅದೇ ಕವಚ, ಒಮ್ಮೆ ಅಳಿಸಿದ ಎಲೆಯ ಮೇಲೆ ಮೊದಲಿನಂತೆ ಮೂಡದು.

ಉದ್ದ ಬೆಳೆದ ಮೂರು ಗಿಡಗಳಿಗೆ ಈಗ ಕತ್ತರಿ ಹಾಕಬೇಡಿ. ಎಳೆದ ದಂಟು ಮತ್ತೆ ಕುಗ್ಗುವುದಿಲ್ಲ, ನಿಜ. ಆದರೆ ಈ ಹವೆಯಲ್ಲಿ ಕೊಯ್ದ ಗಾಯ ಒಣಗುವುದು ಕಷ್ಟ. ಮೂಡಣದ ಬೆಳಕಿಗೆ ಸರಿಸಿ, ಮೊದಲ ವಾರ ತೆಳು ನೆರಳಿನಲ್ಲಿ, ಆಮೇಲೆ ದಿನಕ್ಕೆ ಒಂದು ತಾಸಿನಂತೆ ಬಿಸಿಲು ಏರಿಸಿ. ಪಡಸಾಲೆಯಿಂದ ನೇರ ಬಿಸಿಲಿಗೆ ಒಯ್ದರೆ ಎಲೆ ಕಂದಿ ಕಲೆಯಾಗುತ್ತದೆ. ಹಸ್ತ, ಚಿತ್ತ ಮಳೆ ಮುಗಿದು ಹವೆ ಒಣಗಿದ ಮೇಲೆ ಮೂರರದ್ದೂ ತಲೆ ಕೊಯ್ದು ಬೇರು ಬರಿಸಿ. ಕೆಳಗಿನ ಬೋಳು ದಂಟನ್ನು ಎಸೆಯಬೇಡಿ, ನಾಲ್ಕೈದು ಎಲೆ ಬಿಟ್ಟಿದ್ದರೆ ತಿಂಗಳೊಳಗೆ ಪಕ್ಕದಲ್ಲಿ ಮರಿಗಳು ಒಡೆಯುತ್ತವೆ. ಬಿಡಿಸಿದ ಎಲೆಗಳಿಂದಲೂ ಮರಿಯಾಗುತ್ತವೆ. ಮರಿ ಅಂಗೈಯಗಲ ಆಗಲು ಒಂದು ವರ್ಷ ಹಿಡಿದೀತು. ದೊಡ್ಡ ನೆರಿಗೆ ಎಲೆಯ ತಳಿಗಳು ಮಾತ್ರ ಎಲೆಯಿಂದ ಸುಲಭವಾಗಿ ಬರುವುದಿಲ್ಲ. ಅವುಗಳ ಹೂದಂಟಿನ ಮೇಲಿರುವ ಚಿಕ್ಕ ಎಲೆಗಳನ್ನು ಬಿಡಿಸಿ ಇಟ್ಟು ನೋಡಿ, ಅವು ಬಹಳ ಸಲ ಬೇರು ಬಿಡುತ್ತವೆ. ಗೊಬ್ಬರ ನವೆಂಬರಿನಿಂದ ಜನವರಿವರೆಗೆ ತಿಂಗಳಿಗೊಮ್ಮೆ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ. ಹೆಚ್ಚಾದರೆ ಗಿಡ ಹಸಿರಾಗಿ, ಸಡಿಲಾಗಿ, ಕೆಂಪು ಅಂಚು ಕಳೆದುಕೊಳ್ಳುತ್ತದೆ.

ಹಿಟ್ಟು ತಿಗಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಅದು ಬಂದೇ ಬರುತ್ತದೆ. ಎಲೆಯ ಬುಡದ ಸಂದಿನಲ್ಲಿ, ಹೂದಂಟಿನಲ್ಲಿ ಬಿಳಿ ಹತ್ತಿಯ ಚುಕ್ಕೆ ನೋಡಿ. ಇರುವೆಗಳ ಸಾಲು ಕುಂಡ ಹತ್ತುತ್ತಿದ್ದರೆ ಹುಡುಕುವುದೇ ಬೇಡ, ತಿಗಣೆ ಇದೆ. ಸಣ್ಣ ಕುಂಚವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಸಂಜೆ ಹೊತ್ತು ಮುಟ್ಟಿಸಿ, ವಾರ ಬಿಟ್ಟು ಮತ್ತೊಮ್ಮೆ. ಬೇರಿಗೂ ಹತ್ತಿದ್ದರೆ ಥಯಾಮೆಥಾಕ್ಸಾಮ್ 25 ಡಬ್ಲ್ಯೂಜಿ ಎಂಬ ಕೀಟನಾಶಕ, ಲೀಟರಿಗೆ 0.3 ಗ್ರಾಂ ಕಲಸಿ ಮಣ್ಣಿಗೆ ಕೊಡಿ. ಕೈಗವಸು ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಬೇವಿನೆಣ್ಣೆ ಇಲ್ಲಿ ಬೇಡ: ಮೇಣ ಕರಗಿಸುತ್ತದೆ, ಬಿಸಿಲು ಬಿದ್ದರೆ ಎಲೆ ಸುಡುತ್ತದೆ.

ಮುಂದೆ ಗಿಡ ಕೊಳ್ಳುವಾಗ ಜಾತಿ ನೋಡಿ ಕೊಳ್ಳಿ. ನಮ್ಮ ಹವೆಗೆ ಗಟ್ಟಿಗ ಗ್ರಾಪ್ಟೊಪೆಟಾಲಮ್ ಪರಾಗ್ವಾಯೆನ್ಸೆ. ಹೆಸರಿನಲ್ಲಿ ಪರಾಗ್ವೆ ಇದ್ದರೂ ಅದೂ ಮೆಕ್ಸಿಕೋದ್ದೇ. ಅದರ ಮತ್ತು ಎಚೆವೇರಿಯಾದ ಮಿಶ್ರತಳಿ ‘ಫ್ರೆಡ್ ಐವ್ಸ್’, ಎಚೆವೇರಿಯಾದವೇ ಆದ ‘ಪರ್ಲೆ ಫಾನ್ ನ್ಯೂರ್ನ್‌ಬರ್ಗ್’, ‘ಬ್ಲ್ಯಾಕ್ ಪ್ರಿನ್ಸ್’ ತಳಿಗಳು, ಎಚೆವೇರಿಯಾ ಅಗವಾಯ್ಡಿಸ್ ಇವು ತಾಳುತ್ತವೆ. ಬಿಸಿಲು ಬಾರದ ಗ್ಯಾಲರಿಗೆ ಹಾವರ್ಥಿಯಾ. ಗದಗಿನ ಬಿಸಿಲಿಗೆ ಸಣ್ಣ ಅಗಾವೆ ಜಾತಿಗಳು. ಎಚೆವೇರಿಯಾದ ಲಾಯ್, ಕಾಂಟೆ ಎಂಬ ಬಿಳಿ ಪುಡಿಯ ಸುಂದರಿಯರ ಬಗ್ಗೆ, ಇರುವ ಗಿಡಗಳನ್ನು ಎರಡು ಮಳೆಗಾಲ ದಾಟಿಸಿದ ಮೇಲೆ ಯೋಚಿಸಿ. ಸೆಂಪರ್ವೈವಮ್ ಯುರೋಪಿನ ಬೆಟ್ಟದ್ದು, ಹಿಮದ ಚಳಿ ಬೇಡುತ್ತದೆ, ನಮ್ಮಲ್ಲಿ ಅದಕ್ಕೆ ದುಡ್ಡು ಹಾಕುವುದು ವ್ಯರ್ಥ. ನೀಲಿ, ನೇರಳೆ ಮಿಂಚು ಬಣ್ಣ ಬಳಿದ ಗಿಡಗಳನ್ನೂ ಮಾರುತ್ತಾರೆ. ಬಣ್ಣದಡಿ ಎಲೆಗೆ ಬೆಳಕು ಸಿಗುವುದಿಲ್ಲ.

ಹೊಸದು ತರಿಸುವುದಾದರೆ ನವೆಂಬರ್ ಮೊದಲ ವಾರವೇ ಸರಿ. ಗಿಡ ಬಂದ ದಿನ ಬೇರಿನ ಸುತ್ತ ಹಿಡಿ ಕೊಕೊಪೀಟ್ ಉಂಡೆಯಾಗಿ ಅಂಟಿರುತ್ತದೆ, ಕೆಲವೊಮ್ಮೆ ಅದರ ಸುತ್ತ ಬಲೆಬಟ್ಟೆಯೂ ಇರುತ್ತದೆ. ಹೊರಗಿನ ಮಿಶ್ರಣ ಒಣಗಿದರೂ ಆ ಉಂಡೆ ದಿನಗಟ್ಟಲೆ ತೇವವಾಗಿಯೇ ಇರುವುದರಿಂದ ಅದನ್ನು ಬೆರಳಿನಲ್ಲಿ ಪೂರ್ತಿ ಬಿಡಿಸಿ, ಒಣ ಕೂದಲು ಬೇರು ಕತ್ತರಿಸಿ, ಮೂರು ದಿನ ನೆರಳಿನಲ್ಲಿ ಆರಿಸಿ, ಒಣ ಮಿಶ್ರಣದಲ್ಲಿ ನೆಡಿ. ಮೊದಲ ನೀರು ಐದನೆಯ ದಿನ.